ಕೆಳಗಿನ ಮನೆಗೆ ಬಾಯಿಲ್ಲ

ನಮ್ಮೂರಲ್ಲಿ ನಲವತ್ತೈದು ತುಂಬಿದವರ ಹೊಟ್ಟೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಯಿ ಬಿಡುತ್ತದೆ. ಹೆಚ್ಚು ಹೊತ್ತೇನಿಲ್ಲ, ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು. ಹೊಟ್ಟೆಯ ಯಜಮಾನರಿಗೆ ಅದು ಕೇಳಿಸುವುದಿಲ್ಲ, ಇನ್ನೊಬ್ಬರು ಹೊಕ್ಕುಳ ಪಕ್ಕ ಕಿವಿಯಿಟ್ಟು ಕೇಳಿ ಹೇಳಬೇಕು. ಅಯ್ಯೋ, ಏನೋ ದೊಡ್ಡ ಉಪದೇಶ ಮಾಡುತ್ತದೆ ಅಂದುಕೊಳ್ಳಬೇಡಿ. ಮುನಿಸಿಕೊಂಡ ಓರಗಿತ್ತಿಯ ಹಾಗೆ ಗೊಣಗುತ್ತದೆ, ಅಷ್ಟೆ. ‘ಮೂರು ದಿನದಿಂದ ಸೊಪ್ಪಿನ ಮುಖ ನೋಡಿಲ್ಲ.’ ‘ಬೆಳಿಗ್ಗೆಯಿಂದ ಕೂತಲ್ಲೇ ಕೂತಿದಾನೆ ಪುಣ್ಯಾತ್ಮ, ಮಡಚಿಕೊಂಡು ಬಿದ್ದಿದೀನಿ.’ ‘ನಿನ್ನೆಯೂ ಸುಟ್ಟ ಮಾಂಸ, ಇವತ್ತೂ ಸುಟ್ಟ ಮಾಂಸ, ಅದರ ಮೇಲೆ ಅರ್ಧ ಬಾಟ್ಲಿ. ನಾನೇನು ಹೊಟ್ಟೆಯೋ ತಿಪ್ಪೆಯೋ?’ ಹೀಗೆ. ಆ ಹೊತ್ತಿಗೆ ಅಂಗಡಿಯವರು ಅರ್ಧ ಬಾಗಿಲು ಎಳೆಯುತ್ತಾರೆ, ಬಸ್ಸಿನವನು ಕೆರೆ ಏರಿ ಹತ್ತಿರ ಬಸ್ಸು ನಿಲ್ಲಿಸುತ್ತಾನೆ. ನಮ್ಮೂರ ದರ್ಜಿಗಳು ಅಂಗಿಯ ಕೊನೇ ಎರಡು ಗುಂಡಿ ಹೊಲಿಯುವುದೇ ಇಲ್ಲ. ಹೇಗೂ ಬಿಚ್ಚಬೇಕಲ್ಲ.

ಗಂಡನ ಹೊಟ್ಟೆ ಹೆಂಡತಿ ಕೇಳುವುದು, ಹೆಂಡತಿಯದ್ದು ಗಂಡ ಕೇಳುವುದು ವಾಡಿಕೆ. ಆದರೆ ಒಂದು ಕಟ್ಟುನಿಟ್ಟುಂಟು. ಹೊಟ್ಟೆ ಹೇಳಿದ್ದನ್ನು ಹೇಳಬೇಕು, ಹೇಳದೇ ಇದ್ದದ್ದನ್ನು ಒಂದು ಮಾತೂ ಸೇರಿಸಬಾರದು. ಸೇರಿಸಿದರೆ ಆ ಕಿವಿ ಅಲ್ಲಿಗೆ ಮುಚ್ಚಿತು, ಆಮೇಲೆ ಯಾರ ಹೊಟ್ಟೆಯೂ ಕೇಳಿಸುವುದಿಲ್ಲ. ‘ನಿನ್ನ ಹೊಟ್ಟೆ ಬಂಗಾರ ಕಣೇ, ನಿನ್ನನ್ನು ಹೊಗಳ್ತಾ ಇದೆ’ ಅಂತ ಹೆಂಡತಿಯನ್ನು ಓಲೈಸಲು ಹೋಗಿ ಕಿವಿ ಕಳಕೊಂಡ ಗಂಡಸರು ಬೀದಿಗೆ ನಾಲ್ಕು ಮಂದಿ ಇದ್ದಾರೆ. ಹೆಂಗಸರೇನು ಕಮ್ಮಿಯೇ? ಹಾಗಾಗಿಯೇ ನನ್ನಂಥವಳಿಗೆ ಕೆಲಸ. ಕೇಳುವವರಿಲ್ಲದ ಮನೆಗಳಿಗೆ ಸಂಜೆ ಸರದಿ ಹಾಕಿಕೊಂಡು ಹೋಗಿ ಹೊಟ್ಟೆ ಕೇಳಿ ಬರುತ್ತಿದ್ದೆ, ಸೋಮವಾರ ಒಂದು ಬೀದಿ, ಮಂಗಳವಾರ ಇನ್ನೊಂದು. ತಿಮ್ಮಾಜಮ್ಮ ಅನ್ನುವ ನನ್ನ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಇತ್ತು. ಊರಿಗೆಲ್ಲ ನಾನು ಕಿವಿಯಮ್ಮ. ಮೂವತ್ತು ವರ್ಷದಲ್ಲಿ ಒಂದೇ ಒಂದು ಮಾತು ಸೇರಿಸಿದವಳಲ್ಲ. ಎಷ್ಟೋ ಮನೆಗಳಲ್ಲಿ ‘ಸ್ವಲ್ಪ ಮೆತ್ತಗೆ ಹೇಳಬಾರದಾ’ ಅಂತ ಮುಖ ಹಿಂಡಿಕೊಂಡಿದ್ದಾರೆ. ನಾನು ಮೆತ್ತಗೂ ಹೇಳಿದವಳಲ್ಲ.

ಗರಡಿ ಬೋರಯ್ಯನವರ ಮನೆಗೆ ಹೋಗುವುದೆಂದರೆ ಮಾತ್ರ ನನಗೆ ಹಬ್ಬ. ಅರವತ್ತೆಂಟು ವರ್ಷದ ಅವರನ್ನು ಎಲ್ಲರೂ ಉಸ್ತಾದ್ರು ಅನ್ನುತ್ತಾರೆ. ಒಂದು ಕಾಲಕ್ಕೆ ಹತ್ತೂರಿನ ಜಟ್ಟಿಗಳನ್ನು ಮಣ್ಣು ಮುಕ್ಕಿಸಿದವರು. ಕುಸ್ತಿ ಬಿಟ್ಟ ಮೇಲೂ ಕುಸ್ತಿಯ ಊಟ ಬಿಡಲಿಲ್ಲ. ಎರಡು ಹೊತ್ತೂ ಕುರಿಮಾಂಸ, ಸಂಜೆಗೆ ಹೆಂಡ, ಬೆರಳ ಸಂದಿಯಲ್ಲಿ ಬೀಡಿ, ಗರಡಿ ಜಗಲಿಯ ಮೇಲೆ ಕೂತರೆಂದರೆ ಕಂಬದ ಹಾಗೆ ಕೂತರು. ನಲವತ್ತೈದು ತುಂಬಿದ ಸಂಜೆ ಅವರ ಹೆಂಡತಿ ಸಾಕಮ್ಮ ಕಿವಿಯಿಟ್ಟಳು. ಹೊಟ್ಟೆ ಆಡಿದ ಮಾತು ಕೇಳಿ ಅವಳ ಕಿವಿ ಕೆಂಪಾಯಿತಂತೆ. ಒಂದಕ್ಷರ ಬಿಡದೆ ಗಂಡನ ಮುಖಕ್ಕೆ ಹೇಳಿದಳು.

ಮಾರನೇ ದಿನದಿಂದ ಅವಳು ಜಗಳವಾಡಲಿಲ್ಲ, ಕಣ್ಣೀರು ಹಾಕಲಿಲ್ಲ. ಅನ್ನದ ಜಾಗಕ್ಕೆ ರಾಗಿ ಮುದ್ದೆ ಬಂತು. ಮುದ್ದೆಯ ಜೊತೆ ಹುರುಳಿ ಬಂತು, ಅವರೆ ಬಂತು, ದಿನಕ್ಕೊಂದು ಸೊಪ್ಪು ಬಂತು. ಮಾಂಸ ಭಾನುವಾರಕ್ಕೆ ಸರಿಯಿತು, ಆಮೇಲೆ ಭಾನುವಾರವೂ ಎರಡೇ ತುಂಡಾಯಿತು. ಬೆಳಿಗ್ಗೆ ಎದ್ದು ‘ನಾನು ಕೆರೆ ಸುತ್ತಿ ಬರ್ತೀನಿ, ಒಬ್ಬಳೇ ಹೋಗಕ್ಕೆ ಭಯ, ಬನ್ನಿ’ ಅನ್ನುತ್ತಿದ್ದಳು. ಅವಳಿಗೆ ಭಯವಂತೆ! ಹುಲಿ ಬಂದರೂ ಗದರಿಸಿ ಕಳಿಸುವ ಹೆಂಗಸು. ಅವಳು ಮುಂದೆ ಬಿರಬಿರನೆ, ಇವರು ಹಿಂದೆ ಏದುಸಿರು ಬಿಡುತ್ತಾ. ಹೆಂಡ ಬಿಡಿಸಲು ಒಂದು ವರ್ಷ ಹಿಡಿಯಿತು, ಬೀಡಿ ಬಿಡಿಸಲು ಮೂರು. ಐದು ವರ್ಷ ಕಳೆಯುವ ಹೊತ್ತಿಗೆ ಉಸ್ತಾದರ ಹೊಟ್ಟೆ ಗೊಣಗುವುದನ್ನೇ ಮರೆತುಬಿಟ್ಟಿತು. ‘ಸೊಗಸಾಗಿದೀನಿ’ ಅನ್ನುತ್ತಿತ್ತು. ಊರಲ್ಲಿ ಅಂಥ ಮಾತಾಡುವ ಹೊಟ್ಟೆ ಇನ್ನೊಂದಿರಲಿಲ್ಲ. ಹೆಂಗಸರು ತಮ್ಮ ಗಂಡಂದಿರನ್ನು ಎಳಕೊಂಡು ಬಂದು ‘ಒಂದು ಸಲ ಕೇಳಿಸಿಕೊಳ್ಳಿ, ಮನುಷ್ಯರ ಹೊಟ್ಟೆ ಹೇಗೆ ಮಾತಾಡುತ್ತೆ ಅಂತ’ ಎಂದು ಉಸ್ತಾದರ ಮುಂದೆ ಬಗ್ಗಿಸುತ್ತಿದ್ದರು. ಅವರು ಅಂಗಿ ಎತ್ತಿಕೊಂಡು ನಗುತ್ತಾ ಮಲಗಿರುತ್ತಿದ್ದರು. ಪಕ್ಕದಲ್ಲಿ ಸಾಕಮ್ಮ ಸೆರಗು ಸರಿ ಮಾಡಿಕೊಳ್ಳುತ್ತಾ ನಿಂತಿರುತ್ತಿದ್ದಳು. ಬಹುಮಾನ ಬಂದದ್ದು ಯಾರಿಗೆ ಅಂತ ಎಲ್ಲರಿಗೂ ಗೊತ್ತಿತ್ತು.

ಸಾಕಮ್ಮ ಹೋಗಿ ವರ್ಷವಾಗಿತ್ತು. ಜ್ವರ ಅಂತ ಮಲಗಿದವಳು ಒಂದು ವಾರವೂ ನಿಲ್ಲಲಿಲ್ಲ. ಮಕ್ಕಳಿಲ್ಲದ ಮನೆ, ಹಾಗಾಗಿ ಆಮೇಲೆ ಉಸ್ತಾದ್ರ ಹೊಟ್ಟೆ ಕೇಳುವುದು ನನ್ನ ಸರದಿಗೆ ಬಂತು. ಹೆಂಡತಿ ಸತ್ತ ಗಂಡಸರು ಹೇಗಾಗುತ್ತಾರೆ ಅಂತ ನಾನು ಬಹಳ ನೋಡಿದ್ದೀನಿ. ಮೊದಲ ತಿಂಗಳು ಹೋಟೆಲು, ಎರಡನೇ ತಿಂಗಳು ಬಾಟ್ಲಿ. ಉಸ್ತಾದ್ರು ಹಾಗಾಗಲಿಲ್ಲ. ತಾವೇ ಮುದ್ದೆ ತೊಳಸುವುದು ಕಲಿತರು, ಕೈ ಸುಟ್ಟುಕೊಂಡು ಕಲಿತರು. ದಂಟಿನ ಸೊಪ್ಪು ಬಿಡಿಸುತ್ತಾ ಕೂತಿರುವಾಗ ನಾನು ಹೋದರೆ ‘ಬಾ ಕಿವಿಯಮ್ಮ, ಸಾಕಮ್ಮನ ಹಾಗೆ ನಾರು ತೆಗೆಯಕ್ಕೆ ಬರಲ್ಲ ನಂಗೆ’ ಅನ್ನುತ್ತಿದ್ದರು. ಬೆಳಿಗ್ಗೆ ಕೆರೆ ಸುತ್ತುವಾಗ ಏರಿಯ ಮೇಲೆ ಒಬ್ಬರೇ ನಡೆದರೂ ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟೇ ನಡೆಯುತ್ತಿದ್ದರು.

ಬದಲಾವಣೆ ಮೊದಲು ನನ್ನ ಕಣ್ಣಿಗೆ ಬಿತ್ತು, ಕಿವಿಗಲ್ಲ. ಪಂಚೆಯ ಗಂಟು ಒಂದು ಗೇಣು ಒಳಗೆ ಹೋಗಿತ್ತು. ಎಂಟು ಸುತ್ತು ನಡೆಯುವವರು ಐದಕ್ಕೇ ಕಲ್ಲಿನ ಮೇಲೆ ಕೂರುತ್ತಿದ್ದರು. ನಾನಿರುವ ಹೊತ್ತಲ್ಲೇ ಎರಡೆರಡು ಸಲ ಹಿತ್ತಲಿಗೆ ಹೋಗಿ ಬರುತ್ತಿದ್ದರು, ಬಂದಾಗ ಮುಖ ಬೆವೆತಿರುತ್ತಿತ್ತು. ಒಂದು ದಿನ ಹಗ್ಗದ ಮೇಲೆ ಒಣಗುತ್ತಿದ್ದ ಪಂಚೆಯಲ್ಲಿ ತೊಳೆದರೂ ಹೋಗದ ಕೆಂಪು ಕಲೆ ಕಂಡೆ. ‘ಏನು ಉಸ್ತಾದ್ರೇ ಇದು?’ ಅಂದೆ. ಅವರು ಪಂಚೆಯನ್ನು ಸರಕ್ಕನೆ ಎಳೆದು ಮಡಚಿದರು. ‘ಮೂಲವ್ಯಾಧಿ ಕಣವ್ವ. ಕುಸ್ತಿ ಆಡಿದೋರಿಗೆ ಇದ್ದದ್ದೇ. ನೀನು ಬಂದ ಕೆಲಸ ನೋಡು.’

ನೋಡಿದೆ. ಕಿವಿಯಿಟ್ಟೆ. ಹೊಟ್ಟೆ ಎಂದಿನಂತೆ ಹಾಡಿತು. ‘ಸೊಗಸಾಗಿದೀನಿ. ರಾಗಿ ಬಂತು, ಹುರುಳಿ ಬಂತು, ನುಗ್ಗೆಸೊಪ್ಪು ಬಂತು.’ ನನಗೆ ತಡೆಯಲಾಗಲಿಲ್ಲ. ಹೊಟ್ಟೆಯನ್ನು ಪ್ರಶ್ನೆ ಕೇಳುವುದು ನಮ್ಮ ಕಸುಬಲ್ಲಿ ಅಷ್ಟೇನೂ ಮರ್ಯಾದೆಯಲ್ಲ, ಆದರೂ ಮೆಲ್ಲಗೆ ಕೇಳಿದೆ, ‘ರಕ್ತ ಯಾಕೆ ಹೋಗ್ತಿದೆ?’ ಹೊಟ್ಟೆ ಹೇಳಿತು, ‘ನಂಗೇನು ಗೊತ್ತು? ನನ್ನ ಕೈಗೆ ಬಂದದ್ದನ್ನ ಅರೆದು ಕೆಳಗೆ ಕಳಿಸ್ತೀನಿ. ಕೆಳಗಿನ ಮನೇಲಿ ಏನಾಗ್ತಿದೆಯೋ. ಅವರಿಗೆ ಬಾಯಿಲ್ಲ.’

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಉಸ್ತಾದ್ರ ಮುಖ ಅರಳಿಬಿಟ್ಟಿತು. ‘ನೋಡಿದ್ಯಾ? ಸೊಗಸಾಗಿದೀನಿ ಅಂತು ತಾನೇ? ಮತ್ತೇನು?’ ಅಂದರು. ‘ಕೆಳಗಿನದು ಗೊತ್ತಿಲ್ಲ ಅಂತಲೂ ಅಂದಿತಲ್ಲ’ ಅಂದೆ. ‘ಅಯ್ಯೋ, ಮೇಲಿನ ಮನೆ ನೆಟ್ಟಗಿದ್ದರೆ ಕೆಳಗಿನ ಮನೆ ತಾನಾಗೇ ನೆಟ್ಟಗಿರುತ್ತೆ.’ ಇದು ಅವರೊಬ್ಬರ ತಪ್ಪಲ್ಲ, ನಮ್ಮೂರಿನವರೆಲ್ಲರದೂ ಇದೇ ತಪ್ಪು. ಹೊಳೆಯಾಚೆ ಆಸ್ಪತ್ರೆಯಲ್ಲಿ, ನಲವತ್ತೈದು ದಾಟಿದವರೆಲ್ಲ ಒಂದು ಸಲ ಕರುಳಿನ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಬೋರ್ಡು ಹಾಕಿ ಎಷ್ಟೋ ಕಾಲವಾಯಿತು. ಬೇರೆ ಊರಿನವರು ಹೋಗುತ್ತಾರೆ. ನಮ್ಮವರು ನಗುತ್ತಾರೆ. ನಮಗೆ ದಿನಾ ಸಂಜೆ ಪರೀಕ್ಷೆ ಆಗ್ತದಲ್ಲ, ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡು ಮೂವತ್ತು ವರ್ಷ ಕಳೆದವಳು.

ಆ ವಾರವೆಲ್ಲ ನನಗೆ ತಲೆ ಚಿಟ್ಟು ಹಿಡಿಯಿತು. ಮುಂದಿನ ವಾರ ಹೋಗಿ ನೇರವಾಗಿಯೇ ಕೇಳಿದೆ, ‘ಉಸ್ತಾದ್ರೇ, ಆಸ್ಪತ್ರೆಗೆ ಹೋಗಕ್ಕೆ ನಿಮಗೇನು ಕಷ್ಟ? ಹೆದರಿಕೆನಾ?’ ಅವರಿಗೆ ಸಿಟ್ಟೇ ಬಂತು. ‘ಹೆದರಿಕೆನಾ? ನಂಗಾ?’ ಅಂತ ಎದ್ದು ನಿಂತವರು ಹಾಗೇ ಗೋಡೆ ಹಿಡಿದುಕೊಂಡರು. ಗೋಡೆಗೆ ಹೇಳುವ ಹಾಗೆ ಹೇಳಿದರು. ‘ಈ ಮೈ ಅವಳು ಕಟ್ಟಿದ್ದು ತಿಮ್ಮಾಜಿ. ಹಾಳು ಬಿದ್ದ ಮನೆಯನ್ನ ಒಂದೊಂದು ಕಲ್ಲು ಇಟ್ಟು ಕಟ್ಟಿದಳು. ಇಪ್ಪತ್ತೆರಡು ವರ್ಷ. ಈಗ ಇದರೊಳಗೆ ಕೆಟ್ಟದ್ದು ಇದೆ ಅಂತ ಆಯ್ತು ಅನ್ನು. ಊರವರು ಏನಂತಾರೆ? ಅಷ್ಟೆಲ್ಲ ಸೊಪ್ಪು ತಿನ್ನಿಸಿ ಸಾಕಮ್ಮ ಮಾಡಿದ್ದೇನು ಅಂತಾರೆ. ಅವಳು ಸೋತಳು ಅಂತಾಗುತ್ತೆ. ನಾನು ಸತ್ತರೂ ಸಾಯ್ತೀನಿ, ಅವಳನ್ನ ಸೋಲಿಸಲ್ಲ.’

ಆಗ ಗೊತ್ತಾಯಿತು ನನಗೆ, ಈ ಮನುಷ್ಯ ನನ್ನ ಮಾತಿಗೆ ಜಗ್ಗುವುದಿಲ್ಲ ಅಂತ. ಡಾಕ್ಟರ ಮಾತಿಗೂ ಜಗ್ಗುವುದಿಲ್ಲ. ಈ ಲೋಕದಲ್ಲಿ ಅವರು ನಂಬುವುದು ಇಬ್ಬರನ್ನೇ. ಒಬ್ಬಳು ಮಣ್ಣಾಗಿದ್ದಾಳೆ, ಇನ್ನೊಂದು ಅವರ ಹೊಟ್ಟೆ. ಆ ಹೊಟ್ಟೆಯೋ, ಪಾಪ, ತನಗೆ ಗೊತ್ತಿದ್ದಷ್ಟನ್ನೇ ಹಾಡುತ್ತಿದೆ.

ದೀಪದ ಹೊತ್ತಾಯಿತು. ಅವರು ಚಾಪೆಯ ಮೇಲೆ ಮಲಗಿದರು. ಪಕ್ಕೆಲುಬು ಎಣಿಸಬಹುದಿತ್ತು. ಕಿವಿಯಿಟ್ಟೆ. ‘ಸೊಗಸಾಗಿದೀನಿ’ ಅಂತು ಹೊಟ್ಟೆ. ನನಗೆ ಅದರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಕಿವಿಯನ್ನು ನಾನು ಎಷ್ಟು ಪ್ರೀತಿಸುತ್ತಿದ್ದೆ ಅಂತ ನಿಮಗೆ ಹೇಗೆ ಹೇಳಲಿ? ಓದು ಬರಹ ಬಾರದವಳು ನಾನು, ಗಂಡ ಬಿಟ್ಟು ಹೋದವಳು. ಈ ಕಿವಿಯಿಂದಲೇ ನನ್ನ ಒಲೆ ಉರಿಯುತ್ತಿತ್ತು, ಈ ಕಿವಿಯಿಂದಲೇ ನಾಲ್ಕು ಜನ ಎದ್ದು ‘ಬನ್ನಿ ಕಿವಿಯಮ್ಮ’ ಅಂತ ಕರೆಯುತ್ತಿದ್ದರು. ಅದು ಹೋದರೆ ನಾನು ಯಾರು? ಕಣ್ಣು ಮುಚ್ಚಿಕೊಂಡೆ. ಬಾಯಿ ಬಿಟ್ಟೆ.

‘ಉಸ್ತಾದ್ರೇ, ಹೊಟ್ಟೆ ಬೇರೆ ಮಾತು ಹೇಳ್ತಿದೆ. ಸಾಕಮ್ಮ ಇದ್ದಿದ್ದರೆ ಇಷ್ಟು ಹೊತ್ತಿಗೆ ಕಿವಿ ಹಿಡಿದು ಆಸ್ಪತ್ರೆಗೆ ಎಳ್ಕೊಂಡು ಹೋಗಿರ್ತಿದ್ದಳು, ನನ್ನನ್ನ ಹೀಗೆ ಸಾಯಕ್ಕೆ ಬಿಡ್ತಿರಲಿಲ್ಲ ಅಂತಿದೆ.’

ಮಾತು ಮುಗಿಯುವ ಮೊದಲೇ ಕಿವಿಯೊಳಗೆ ಪಟ್ಟನೆ ಏನೋ ಮುಚ್ಚಿಕೊಂಡಿತು. ರೇಡಿಯೊ ಆರಿಸಿದ ಹಾಗೆ. ಆಮೇಲೆ ಬರೀ ಗುಳುಗುಳು, ಯಾವ ಊರಿನ ಯಾವ ಹೊಟ್ಟೆಯಲ್ಲಾದರೂ ಕೇಳುವಂಥ ಗುಳುಗುಳು. ನನ್ನ ಕಣ್ಣಿಂದ ನೀರು ಅವರ ಹೊಟ್ಟೆಯ ಮೇಲೆ ಬಿತ್ತು. ಉಸ್ತಾದ್ರು ಮೆಲ್ಲಗೆ ಎದ್ದು ಕೂತು ಅಂಗಿ ಸರಿಮಾಡಿಕೊಂಡರು. ಆಮೇಲೆ ‘ನಾಳೆ ಎಷ್ಟು ಗಂಟೆಗೆ ಬಸ್ಸು?’ ಅಂದರು.

ಜೊತೆಗೆ ನಾನೇ ಹೋದೆ. ಅವತ್ತು ಹೆಸರು ಬರೆಸಿ, ಮಾರನೇ ದಿನ ಪರೀಕ್ಷೆ ಅಂದರು. ಅಷ್ಟರೊಳಗೆ ಒಂದು ಬಿಂದಿಗೆಯಷ್ಟು ಔಷಧಿ ನೀರು ಕುಡಿಸಿ ಕರುಳು ತೊಳೆಸಿದರು. ‘ಕುಸ್ತಿಗಿಂತ ಇದೇ ಕಷ್ಟ ಕಣೇ’ ಅಂತ ಉಸ್ತಾದ್ರು ನರಳಿದರು. ತುದಿಗೆ ದೀಪ, ಕ್ಯಾಮೆರಾ ಇರುವ ಸಣ್ಣ ಕೊಳವೆ ಬಿಟ್ಟು ಒಳಗೆ ನೋಡಿದರು. ಗಂಟು ಸಿಕ್ಕಿತು. ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಎದೆ ಹೊಟ್ಟೆಯ ಸ್ಕ್ಯಾನೂ ಮಾಡಿ, ಹತ್ತು ದಿನ ಬಿಟ್ಟು ಬನ್ನಿ ಅಂದರು. ಹೋದಾಗ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿ ನಿಧಾನವಾಗಿ ಹೇಳಿದರು. ಕ್ಯಾನ್ಸರೇ. ಆದರೆ ಇನ್ನೂ ಕರುಳಿನ ಗೋಡೆ ದಾಟಿಲ್ಲ. ಗೇಣುದ್ದ ಕರುಳು ಕತ್ತರಿಸಿ ಹೊಲಿದರೆ ಗುಣವಾಗುವ ನಿರೀಕ್ಷೆ ಚೆನ್ನಾಗಿದೆ. ಇನ್ನೊಂದು ವರ್ಷ ಬಿಟ್ಟಿದ್ದರೆ ಹೀಗೆ ಹೇಳಲು ಆಗುತ್ತಿರಲಿಲ್ಲ.

ಉಸ್ತಾದ್ರು ತಲೆ ತಗ್ಗಿಸಿ ಕೂತಿದ್ದರು. ಒಂದು ಕಾಲಕ್ಕೆ ದೊಡ್ಡದಿದ್ದ ಆ ದೇಹ ಕುರ್ಚಿಯಲ್ಲಿ ಮುದುಡಿಕೊಂಡಿತ್ತು. ‘ಡಾಕ್ಟರಮ್ಮ, ಇಪ್ಪತ್ತೆರಡು ವರ್ಷ ನನ್ನ ಹೆಂಡತಿ ರಾಗಿ, ಸೊಪ್ಪು, ಕಾಳು ಹಾಕಿದಳು. ಬೀಡಿ ಬಿಡಿಸಿದಳು. ದಿನಾ ನಡೆಸಿದಳು. ಅವಳು ಎಲ್ಲಿ ತಪ್ಪಿದಳು ಹೇಳಿ’ ಅಂದರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ‘ಎಲ್ಲೂ ತಪ್ಪಿಲ್ಲ. ನಿತ್ಯ ಗುಡಿಸಿ ಸಾರಿಸೋ ಮನೆಗೆ ಹುಳ ಹುಪ್ಪಟೆ ಬರೋದು ಕಮ್ಮಿ. ಬರೋದೇ ಇಲ್ಲ ಅಂತಲ್ಲ. ಅಂಥ ಮನೆಯ ತೊಲೆಗೂ ಒಂದೊಂದು ಸಲ ಗೆದ್ದಲು ಹತ್ತುತ್ತೆ. ಅದಕ್ಕೆ ಆಗಾಗ ದೀಪ ಹಿಡಿದು ಮೇಲೆ ನೋಡಬೇಕು. ನಿಮಗೆ ಇದು ಯಾಕೆ ಬಂತು ಅಂತ ನಂಗೆ ಗೊತ್ತಿಲ್ಲ. ಹಳೇ ಬೀಡಿಯೋ, ವಯಸ್ಸೋ, ಹುಟ್ಟಿನಿಂದ ಬಂದದ್ದೋ. ಆದರೆ ಅರವತ್ತೆಂಟರಲ್ಲಿ ಹೀಗಿರೋ ಶ್ವಾಸಕೋಶ, ಹೀಗಿರೋ ಹೃದಯ ನನ್ನ ವಾರ್ಡಲ್ಲಿ ಇನ್ನೊಬ್ಬರಿಗಿಲ್ಲ. ನಾಳೆ ಆಪರೇಷನ್ ಟೇಬಲ್ ಮೇಲೆ ನಿಮ್ಮನ್ನ ಮಲಗಿಸಕ್ಕೆ ನಂಗೆ ಧೈರ್ಯ ಬಂದಿರೋದು ನಿಮ್ಮ ಹೆಂಡತಿ ದೆಸೆಯಿಂದ.’ ಉಸ್ತಾದ್ರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಾನು ಅವರ ಬೆನ್ನು ಸವರಿದೆ. ಮತ್ತೇನು ಮಾಡಲಿ?

ಅವರು ಆಸ್ಪತ್ರೆಯಲ್ಲಿರುವಾಗ ಊರಲ್ಲಿ ನನ್ನ ಗತಿ ಕೇಳಬೇಡಿ. ಕಿವಿ ಮುಚ್ಚಿದೆ ಅಂತ ನಾನೇ ಮನೆಮನೆಗೆ ಹೋಗಿ ಹೇಳಿ ಬಂದಿದ್ದೆ. ಇಲ್ಲದ್ದನ್ನು ಇದೆ ಅಂತ ನಟಿಸಲು ನನ್ನಿಂದಾಗದು. ಕಿವಿ ಮುಚ್ಚಿದೆ ಅಂದರೆ ಸುಳ್ಳು ಹೇಳಿದ್ದಾಳೆ ಅಂತಲೇ ಲೆಕ್ಕವಲ್ಲವೇ? ಯಾರಿಗೆ ಹೇಳಿದಳು? ಪ್ರತಿಯೊಬ್ಬರಿಗೂ ತಮಗೇ ಹೇಳಿದಳು ಅನ್ನುವ ಗುಮಾನಿ. ‘ಹೋದ ತಿಂಗಳು ನನ್ನ ಹೊಟ್ಟೆ ಕುಡಿಯಬೇಡ ಅಂತು ಅಂದಳಲ್ಲ, ಅದೂ ಇವಳದ್ದೇ ಕತೆ’ ಅಂತ ಒಬ್ಬ ಹೋಗಿ ಬಾಟ್ಲಿ ಬಿಚ್ಚಿದ. ನಲ್ಲಿಯ ಹತ್ತಿರ ಹೆಂಗಸರು ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು. ಉಸ್ತಾದ್ರ ವಿಷಯವೂ ಹಬ್ಬಿತ್ತು. ‘ಅಷ್ಟು ಸೊಪ್ಪು ತಿಂದು ಏನು ಬಂತು? ನಾವು ನೋಡು, ಬಾಟ್ಲಿ ಜೊತೆ ಚಾಕಣ ತಿಂದ್ಕೊಂಡು ಆರಾಮಾಗಿದೀವಿ’ ಅಂತ ಬೀದಿ ತುದಿಯಲ್ಲಿ ನಗು. ಬಾಯಿಗೆ ಬೀಗ ಹಾಕಿಕೊಂಡೆ. ಯಾರಿಗೆ ಸುಳ್ಳು ಹೇಳಿದೆ ಅಂದರೆ ಯಾಕೆ ಅಂತಲೂ ಹೇಳಬೇಕು, ಯಾಕೆ ಅಂದರೆ ಉಸ್ತಾದ್ರಿಗೆ ಗೊತ್ತಾಗುತ್ತದೆ, ಅದು ಸಾಕಮ್ಮನ ಹೆಸರಲ್ಲಿ ನಾನು ಆಡಿದ ಮಾತು ಅಂತ. ಅವರು ನನ್ನ ಮುಖ ನೋಡುವುದಿಲ್ಲ ಅಂದುಕೊಂಡೆ. ಕಿವಿ ಹೋದದ್ದಕ್ಕಿಂತ ಆ ಭಯವೇ ನನ್ನನ್ನು ತಿನ್ನುತ್ತಿತ್ತು.

ತಿಂಗಳ ಮೇಲೆ ಉಸ್ತಾದ್ರು ಊರಿಗೆ ಬಂದರು. ಬಂದ ನಾಲ್ಕನೇ ದಿನ ದೀಪದ ಹೊತ್ತಿಗೆ ಬಾ ಅಂತ ಹೇಳಿ ಕಳಿಸಿದರು. ಕಾಲು ಎಳೆದುಕೊಂಡು ಹೋದೆ. ಚಾಪೆಯ ಮೇಲೆ ಮಲಗಿದ್ದರು. ಅಂಗಿ ಎತ್ತಿದರು. ಹೊಕ್ಕುಳ ಪಕ್ಕದಿಂದ ಕೆಳಗೆ ಉದ್ದಕ್ಕೆ ಹೊಲಿಗೆಯ ಗೆರೆ. ‘ಕೇಳು’ ಅಂದರು.

ನಾನು ಬಗ್ಗಿ ಕಿವಿಯಿಟ್ಟೆ. ಗುಳುಗುಳು. ‘ಏನಂತದೆ?’ ಅಂದರು. ಸೊಗಸಾಗಿದೀನಿ ಅಂತದೆ, ಅಂದುಬಿಟ್ಟಿದ್ದರೆ ಆಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ‘ಏನೂ ಕೇಳಿಸ್ತಿಲ್ಲ ಉಸ್ತಾದ್ರೇ. ನನ್ನ ಕಿವಿ ಹೋಯಿತು. ಅವತ್ತು ಇಲ್ಲೇ ಹೋಯಿತು. ಸಾಕಮ್ಮನ ಮಾತು ನಿಮ್ಮ ಹೊಟ್ಟೆ ಆಡಲಿಲ್ಲ, ನಾನು ಆಡಿದೆ. ತಪ್ಪಾಯಿತು’ ಅಂದೆ.

‘ಗೊತ್ತು’ ಅಂದರು ಉಸ್ತಾದ್ರು.

ನಾನು ತಲೆಯೆತ್ತಿದೆ.

‘ಅವತ್ತೇ ಗೊತ್ತಾಯ್ತು ಕಣವ್ವ. ಹೊಟ್ಟೆಗೆ ಮನುಷ್ಯರ ಹೆಸರು ಗೊತ್ತಿರಲ್ಲ. ಇಪ್ಪತ್ತೆರಡು ವರ್ಷ ದಿನಾ ಕಿವಿಯಿಟ್ಟು ಕೇಳಿದಳು ಸಾಕಮ್ಮ. ಸೊಪ್ಪಿನ ಹೆಸರು ಹೇಳುತ್ತೆ, ಕಾಳಿನ ಹೆಸರು ಹೇಳುತ್ತೆ, ಅಡುಗೆ ಮಾಡಿದೋಳ ಹೆಸರು ಒಂದು ದಿನಾನಾದ್ರೂ ಹೇಳ್ತಾ ನೋಡ್ರಿ ಅಂತ ಮುನಿಸಿಕೊಳ್ಳೋಳು.’ ಅವರು ನಕ್ಕರು, ನಗುವಾಗ ಹೊಲಿಗೆ ನೋವಾಗಿ ಹೊಟ್ಟೆ ಹಿಡಿದುಕೊಂಡರು.

‘ಗೊತ್ತಿದ್ದೂ ಮತ್ತೆ ಯಾಕೆ ಹೊರಟಿರಿ?’

‘ಕಿವಿ ಹೋಗುತ್ತೆ ಅಂತ ಗೊತ್ತಿದ್ದೂ ನೀನು ಯಾಕೆ ಹೇಳಿದೆ? ನೀನು ನಿನ್ನ ಅನ್ನ ಬಿಟ್ಟು ಒಂದು ಮಾತು ಹೇಳಿದೀಯ. ನಾನು ಹೊರಡದೇ ಹೋಗಿದ್ರೆ ಅದು ದಂಡವಾಗ್ತಿತ್ತು. ಸಾಕಮ್ಮನೂ ಅಂಥವಳೇ. ಅವಳನ್ನ ಬಿಟ್ಟರೆ ನನಗೋಸ್ಕರ ಹಾಗೆ ಯಾರೂ ಏನೂ ಕಳ್ಕೊಂಡಿರಲಿಲ್ಲ.’ ಆಮೇಲೆ ದನಿ ತಗ್ಗಿಸಿ, ‘ನಾಳೆ ಗರಡಿ ಮುಂದೆ ನಾಲ್ಕು ಜನರನ್ನ ಕೂರಿಸಿ ನಾನೇ ಹೇಳ್ತೀನಿ, ನೀನು ಸುಳ್ಳು ಹೇಳಿದ್ದು ಯಾರಿಗೆ, ಯಾಕೆ ಅಂತ. ರಕ್ತ ಹೋಗಿದ್ದನ್ನ ಆರು ತಿಂಗಳು ಮುಚ್ಚಿಟ್ಟೆ ಅಂತಲೂ ಹೇಳ್ತೀನಿ. ನಗೋರು ನಗಲಿ. ಸೊಪ್ಪೂ ತಿನ್ನಿ, ಆಸ್ಪತ್ರೆಗೂ ಹೋಗಿ ಅಂತೀನಿ’ ಅಂದರು.

ಸೆರಗಿಂದ ಕಣ್ಣೊರೆಸಿಕೊಂಡು ಎದ್ದೆ. ‘ಬರ್ತೀನಿ ಉಸ್ತಾದ್ರೇ. ಇನ್ನು ನನ್ನಿಂದ ನಿಮಗೆ ಆಗೋದೇನಿದೆ? ಕಿವಿ ಇರೋ ಯಾರನ್ನಾದ್ರೂ ನೋಡಿಕೊಳ್ಳಿ.’

‘ಕೂತ್ಕೋ’ ಅಂದರು. ಗದರಿದ ಹಾಗಿತ್ತು. ಅಂಗಿಯನ್ನು ಕೆಳಗೆಳೆದುಕೊಂಡು, ಗೋಡೆಗೆ ಒರಗಿ ಕಷ್ಟಪಟ್ಟು ಎದ್ದು ಕೂತರು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು, ಮತ್ತೆ ತೆರೆದರು. ‘ಇವತ್ತು ಗಂಜಿ ಕುಡಿದೆ. ಬೆಳಿಗ್ಗೆ ಬಾಗಿಲಿಂದ ಬೀದಿ ತುದಿಗೆ ಎರಡು ಸಲ ನಡೆದೆ. ಮೂರನೇ ಸಲಕ್ಕೆ ಕಾಲು ನಡುಗಿತು. ಡಾಕ್ಟರಮ್ಮ ಎಲ್ಲ ತೆಗೆದಿದೀನಿ ಅಂದಿದಾರೆ. ಆದರೂ ಮತ್ತೆ ಬಂದ್ರೆ ಅಂತ...’ ನನ್ನ ಕಡೆ ತಿರುಗಿದರು. ‘ನಂಗೆ ಹೆದರಿಕೆ ಆಗ್ತಿದೆ ತಿಮ್ಮಾಜಿ.’

ಮೂವತ್ತು ವರ್ಷ ಊರಿನ ಹೊಟ್ಟೆಗಳಿಗೆಲ್ಲ ಕಿವಿಯಿಟ್ಟಿದ್ದೆ. ಒಬ್ಬರಾದರೂ ತಮ್ಮ ಮಾತನ್ನು ತಮ್ಮ ಬಾಯಿಂದ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಚಾಪೆಯ ಅಂಚಿನಲ್ಲಿ ಅವರ ಎದುರಿಗೆ ಕೂತೆ, ಅವರ ಮುಖ ಕಾಣುವ ಹಾಗೆ.

‘ಹೇಳಿ ಉಸ್ತಾದ್ರೇ’ ಅಂದೆ. ‘ಕೇಳ್ತಾ ಇದೀನಿ.’